ಸರೋವರಕ್ಕೆ ಬಸ್ಸಿನಲ್ಲಿಯೇ ಹೋಗೋಣ

ಕೆನಡಾ ದೇಶದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 1,880 ಮೀಟರು ಎತ್ತರದಲ್ಲಿ, ಮೊರೇನ್ ಸರೋವರವಿದೆ. ಹಿಮನದಿಯು ಅರೆದ ಬಂಡೆಯ ನುಣ್ಣನೆಯ ಹುಡಿ ನೀರಿನಲ್ಲಿ ತೇಲುತ್ತ ನೀಲಿ-ಹಸುರು ಬೆಳಕನ್ನು ಚದರಿಸುವುದೇ ಅದರ ಬಣ್ಣದ ಗುಟ್ಟು. 2023ರಿಂದ ಅಲ್ಲಿಗೆ ಪ್ರವಾಸಿಗರು ಸ್ವಂತ ಕಾರಿನಲ್ಲಿ ಹೋಗುವಂತಿಲ್ಲ. ಇದು ಸ್ವಾತಂತ್ರ್ಯಹರಣವೆಂದು ಆಕ್ಷೇಪಿಸುವವರುಂಟು, ನನಗದು ಒಪ್ಪಿಗೆಯಿಲ್ಲ. ಇಕ್ಕಟ್ಟಾದ ಆ ಕಣಿವೆಯಲ್ಲಿ ಕಾರು ನಿಲ್ಲಿಸಲು ಇರುವ ಸ್ಥಳ ಅತ್ಯಲ್ಪ, ನೋಡಬಯಸುವವರೋ ಅಸಂಖ್ಯ.

ಆದುದರಿಂದ, ಹೋಗುವವರು ಬಸ್ಸಿನ ಸ್ಥಳವನ್ನು ಮುಂಗಡವಾಗಿ ಕಾದಿರಿಸಬೇಕು. ಹಿಮ ಕರಗಿದ ನೀರು ಹುಡಿಯನ್ನು ಹೊತ್ತು ತರುವ ಜುಲೈ ತಿಂಗಳು ಉಚಿತಕಾಲ. ಬೇಸಗೆಯೆಂದು ಉಣ್ಣೆಯ ಉಡುಪನ್ನು ಮರೆಯಬಾರದು. ಸಾವಿರಾರು ವರ್ಷಗಳಲ್ಲಿ ಪ್ರಕೃತಿ ಸಿದ್ಧಪಡಿಸಿದ ನೋಟಕ್ಕಾಗಿ ಅರ್ಧ ಗಂಟೆ ಸರದಿಯಲ್ಲಿ ನಿಂತರೆ ನಷ್ಟವೇನು?