ನಲ್ಲಿಯಿಲ್ಲದ ಬೇಸಿನ್

ದಸ್ತಾವೇಜಿನಲ್ಲಿ ಮನೆಯೆಂದರೆ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ. ಆ ಗೋಡೆಗಳೊಳಗೆ ಯಾರು ಯಾರೊಡನೆ ಬಾಳುತ್ತಾರೆ, ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಅಲ್ಲಿ ಉಳಿಯಬಹುದೇ ಎಂಬುದನ್ನು ಅದು ಹೇಳುವುದಿಲ್ಲ. ನ್ಯಾಯಾಲಯಗಳು ತಡವಾಗಿ ಎದುರಿಸಿದ ಈ ಪ್ರಶ್ನೆಯನ್ನು ಅಮೆರಿಕದ ಶಿಲ್ಪಿ ರಾಬರ್ಟ್ ಗೋಬರ್ ತಮ್ಮ ಕೃತಿಗಳಲ್ಲಿ ಬಹಳ ಹಿಂದೆಯೇ ಎತ್ತಿದ್ದರು.

1954ರಲ್ಲಿ ಕನೆಕ್ಟಿಕಟ್ ರಾಜ್ಯದ ವಾಲಿಂಗ್‌ಫರ್ಡಿನಲ್ಲಿ, ಕ್ಯಾಥೊಲಿಕ್ ಕುಟುಂಬದಲ್ಲಿ ಜನಿಸಿದ ಗೋಬರ್, ನ್ಯೂಯಾರ್ಕಿಗೆ ಬಂದ ಮೇಲೆ ಮರಗೆಲಸದಿಂದ ಹೊಟ್ಟೆ ಹೊರೆದರು, ಗೊಂಬೆಮನೆಗಳನ್ನೂ ಕಟ್ಟಿದರು. ಸ್ವತಃ ಸಲಿಂಗಿಯಾದ ಅವರಿಗೆ ಹೆಸರು ತಂದದ್ದು 1980ರ ದಶಕದ ನಡುವಿನಲ್ಲಿ ರಚಿಸಿದ ಕೈತೊಳೆಯುವ ಬೇಸಿನ್ನುಗಳ ಸರಣಿ. ನೋಡಲು ಕಾರ್ಖಾನೆಯ ಪಿಂಗಾಣಿ. ವಾಸ್ತವದಲ್ಲಿ ಮರ, ತಂತಿಬಲೆ, ಪ್ಲಾಸ್ಟರ್, ಎನಾಮಲ್ ಬಣ್ಣಗಳಿಂದ ಕೈಯಾರೆ ಮಾಡಿದವು. ನಲ್ಲಿ ಇರಬೇಕಾದಲ್ಲಿ ಬರಿಯ ತೂತುಗಳು. ನೀರು ಬರುವುದಿಲ್ಲ, ಹೋಗುವುದೂ ಇಲ್ಲ. ಏಡ್ಸ್ ರೋಗವು ನ್ಯೂಯಾರ್ಕಿನ ಸಲಿಂಗಿ ಸಮುದಾಯವನ್ನು ಕಬಳಿಸುತ್ತಿದ್ದ ವರ್ಷಗಳವು. ತೊಳೆದುಕೊಳ್ಳಲಾಗದ ಆ ಬೇಸಿನ್ನುಗಳಲ್ಲಿ ಅನೇಕರು ಆ ಕಾಲದ ಭಯವನ್ನೂ ಕಳಂಕವನ್ನೂ ಕಂಡರು. ಎರಡು ಬೇಸಿನ್ನುಗಳನ್ನು ಹುಲ್ಲಿನಲ್ಲಿ ಅರ್ಧ ಹೂತು ನಿಲ್ಲಿಸಿದಾಗ ಅವು ಸಮಾಧಿಯ ಕಲ್ಲುಗಳಂತೆಯೇ ಕಂಡವು.

ಮನೆಯ ಬೇರೆ ವಸ್ತುಗಳೂ ಅವರ ಕೈಯಲ್ಲಿ ಹೀಗೆಯೇ ಮಾರ್ಪಟ್ಟವು. ಮಕ್ಕಳನ್ನು ಆಡಲು ಬಿಡುವ ಮರದ ಕಟಕಟೆಯ ಸರಳುಗಳು ನಡುವೆ ಒಂದನ್ನೊಂದು ಹಾದುಹೋಗಿ ಆಡುವ ಜಾಗವನ್ನೇ ಹೋಳು ಮಾಡುತ್ತವೆ. ಗೋಡೆಯ ಬುಡದಿಂದ ಗಂಡಸಿನ ಒಂದು ಕಾಲು ಹೊರಚಾಚಿದೆ: ಜೇನುಮೇಣದ ಚರ್ಮ, ಅದರಲ್ಲಿ ನೆಟ್ಟ ನಿಜವಾದ ಕೂದಲು, ಷರಾಯಿ, ಬೂಟು. ಆತ ಮನೆಯೊಳಗಿನವನೋ ಹೊರಗಿನವನೋ ತಿಳಿಯದು. ಕೊಚ್ಚಿಯ ಬಿಯೆನಾಲೆ ನೋಡಿಬಂದವರಿಗೆ ಈ ಬಗೆಯ ಕಲೆ ಅಪರಿಚಿತವಲ್ಲ. ಉಳಿದವರೂ ಇವನ್ನು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು. ಮನೆಯಲ್ಲಿದ್ದೂ ಮನೆಯವನಾಗದಿರುವ ಸಂಕಟಕ್ಕೆ ಭಾಷ್ಯ ಬೇಡ.

1986ರಲ್ಲಿ ಗೋಬರ್ ಒಬ್ಬರೇ ಮಲಗಬಲ್ಲ ಮಂಚವೊಂದನ್ನು ರೂಪಿಸಿದರು. ಅದೇ ವರ್ಷದ ಜೂನ್ 30ರಂದು ಅಮೆರಿಕದ ಸುಪ್ರೀಂ ಕೋರ್ಟು ಬೋವರ್ಸ್ ವಿರುದ್ಧ ಹಾರ್ಡ್‌ವಿಕ್ ಪ್ರಕರಣದಲ್ಲಿ ತೀರ್ಪಿತ್ತಿತು. ಬೇರೊಂದು ಸಣ್ಣ ಪ್ರಕರಣದ ವಾರಂಟು ಹಿಡಿದು ಬಂದ ಪೊಲೀಸನು ಮಲಗುವ ಕೋಣೆಯವರೆಗೂ ಹೋಗಿ ಹಾರ್ಡ್‌ವಿಕ್‌ರನ್ನು ಬಂಧಿಸಿದ್ದನು. ನಾಲ್ವರ ವಿರುದ್ಧ ಐವರ ಬಹುಮತದಿಂದ ನ್ಯಾಯಾಲಯವು ಜಾರ್ಜಿಯಾದ ಆ ಕಾನೂನನ್ನು ಎತ್ತಿಹಿಡಿಯಿತು. ಸಲಿಂಗಿಗೆ ಸ್ವಂತ ಮಂಚವೂ ಖಾಸಗಿಯಲ್ಲವೆಂದಾಯಿತು. ಆ ತೀರ್ಪು ರದ್ದಾದದ್ದು 2003ರಲ್ಲಿ.

ಇದಕ್ಕೆ ಎದುರಾಗಿ ನಿಲ್ಲುವುದು 1989ರ ಬ್ರಾಷಿ ಪ್ರಕರಣ. ಮ್ಯಾನ್‌ಹಟನ್ನಿನ ಬಾಡಿಗೆ ಮನೆಯೊಂದರಲ್ಲಿ ಇಬ್ಬರು ಗಂಡಸರು ಹತ್ತು ವರ್ಷಕ್ಕೂ ಮಿಕ್ಕಿ ಒಟ್ಟಿಗೆ ಬಾಳಿದ್ದರು. ಬಾಡಿಗೆ ಕರಾರು ಒಬ್ಬರ ಹೆಸರಿನಲ್ಲಿತ್ತು. ಅವರು 1986ರಲ್ಲಿ ತೀರಿಕೊಂಡಾಗ ಉಳಿದವರಿಗೆ ಮನೆ ತೆರವು ಮಾಡಲು ನೋಟೀಸು ಬಂತು. ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯವು, ಬಾಡಿಗೆ ನಿಯಂತ್ರಣದ ಮಟ್ಟಿಗೆ, ಕುಟುಂಬವನ್ನು ವಿವಾಹಪತ್ರದಿಂದ ಮಾತ್ರ ಅಳೆಯಲಾಗದು, ಬಾಳಿದ ರೀತಿಯನ್ನೂ ನೋಡಬೇಕು ಎಂದಿತು.

ಮೂರು ವರ್ಷಗಳ ಬಳಿಕ, 1992ರಲ್ಲಿ, ನ್ಯೂಯಾರ್ಕಿನ ಡಿಯಾ ಕೇಂದ್ರದಲ್ಲಿ ಗೋಬರ್ ದೊಡ್ಡದೊಂದು ವಿನ್ಯಾಸವನ್ನು ರಚಿಸಿದರು. ಈ ಬಾರಿ ಬೇಸಿನ್ನುಗಳಿಗೆ ನಲ್ಲಿಗಳಿದ್ದವು, ನೀರು ಹರಿಯುತ್ತಿತ್ತು. ಸುತ್ತಲಿನ ಗೋಡೆಗಳಲ್ಲಿ ಕಾಡಿನ ಚಿತ್ರ, ಮೇಲೆ ಕಂಬಿಯ ಕಿಟಕಿ, ಕಿಟಕಿಯಾಚೆ ನೀಲಿ ಆಕಾಶ. ಬದಿಯಲ್ಲಿ ದಾರ ಕಟ್ಟಿದ ಹಳೆಯ ಪತ್ರಿಕೆಗಳ ಕಟ್ಟುಗಳು. ಅವುಗಳ ಪುಟಗಳನ್ನೂ ಅವರೇ ಮುದ್ರಿಸಿದ್ದರು. ಒಂದು ಪುಟದಲ್ಲಿ ಮದುವಣಗಿತ್ತಿಯ ಉಡುಪಿನ ಜಾಹೀರಾತು. ಉಟ್ಟವರು ಸ್ವತಃ ಗೋಬರ್. ಪಕ್ಕದಲ್ಲಿಯೇ ಸಲಿಂಗಿಗಳ ವಿರುದ್ಧದ ತಾರತಮ್ಯಕ್ಕೆ ವ್ಯಾಟಿಕನ್ನಿನ ಸಮ್ಮತಿಯ ಸುದ್ದಿ. ನೀರು ಬಂದರೂ ಕಂಬಿ ಹೋಗಿರಲಿಲ್ಲ.

ನಮ್ಮ ದೇಶದ ಸ್ಥಿತಿಯೂ ಇಂದು ಬಹುಮಟ್ಟಿಗೆ ಹೀಗೆಯೇ ಇದೆ. 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪು ವಿವಾಹದ ಹಕ್ಕನ್ನು ಕೊಡಲಿಲ್ಲ. 2024ರಲ್ಲಿ ಜಂಟಿ ಬ್ಯಾಂಕ್ ಖಾತೆಗೆ ತಡೆಯಿಲ್ಲವೆಂದು ಕೇಂದ್ರ ಸರಕಾರ ಸ್ಪಷ್ಟಪಡಿಸಿತು. ಆದರೆ ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯಿದೆಯು ಮೃತ ಬಾಡಿಗೆದಾರನ ‘ವಾರಸುದಾರ’ರನ್ನು ಮಾತ್ರ ಬಲ್ಲದು. ಹಿಂದೂ ಉತ್ತರಾಧಿಕಾರ ಕಾಯಿದೆಯ ವಾರಸುದಾರರ ಪಟ್ಟಿಯಲ್ಲಿ ಇಪ್ಪತ್ತು ವರ್ಷ ಜತೆಗೆ ಬಾಳಿದ ಸಂಗಾತಿಗೆ ಸ್ಥಾನವಿಲ್ಲ. ಎಂದೋ ಮನೆಯಿಂದ ಹೊರಗಟ್ಟಿದ ಅಣ್ಣನಿಗೆ ಇದೆ.

ಆದುದರಿಂದ ಇಂಥ ಬಾಳ್ವೆ ನಡೆಸುತ್ತಿರುವವರು ಕಾನೂನು ಬದಲಾಗುವವರೆಗೆ ಕಾಯಬಾರದು. ಬಾಡಿಗೆ ಕರಾರು ಇಬ್ಬರ ಹೆಸರಿನಲ್ಲಿಯೂ ಇರಲಿ. ಸ್ವಂತ ಮನೆಯಾದರೆ, ಇಬ್ಬರು ಸಾಕ್ಷಿಗಳು ರುಜು ಹಾಕಿದ ಮರಣಶಾಸನವಿರಲಿ. ಅದರ ನೋಂದಣಿ ಕಡ್ಡಾಯವಲ್ಲವಾದರೂ ಹಿತಕರ. ಬ್ಯಾಂಕಿನಲ್ಲಿ ನಾಮಿನಿಯಾಗಿದ್ದ ಮಾತ್ರಕ್ಕೆ ಹಣದ ಒಡೆತನ ದೊರೆಯುವುದಿಲ್ಲವೆಂಬುದು ನೆನಪಿರಲಿ.

ಅವರ ಹೆತ್ತವರಿಗೂ ಒಂದು ಮಾತು. ಮರಣಶಾಸನ ಗೋಡೆಗಳನ್ನು ಕೊಡಬಲ್ಲದು. ಮಗನ ಸಂಗಾತಿಗೆ ಊಟಕ್ಕೆ ಎಲೆ ಹಾಕಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ. ಅದು ಇರುವುದು ನಿಮಗೆ ಮಾತ್ರ.