ವಲಸೆ ವೀಸಾ: ಸಂದರ್ಶನಕ್ಕೂ ಮುನ್ನ ದಾಖಲೆಗಳ ಅಗ್ನಿಪರೀಕ್ಷೆ

ಬೆಂಗಳೂರು: ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಮಗನೋ ಮಗಳೋ ತಂದೆ-ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಸಲ್ಲಿಸುತ್ತಾರೆ. ಅಲ್ಲಿನ ವಲಸೆ ಇಲಾಖೆಯ ಅನುಮೋದನೆಯೂ ದೊರೆಯುತ್ತದೆ. ಇನ್ನು ಮುಂಬೈಯಲ್ಲಿ ಸಂದರ್ಶನ ಮುಗಿಸಿ ವಿಮಾನ ಏರುವುದಷ್ಟೇ ಬಾಕಿ ಎಂದು ಕುಟುಂಬ ಭಾವಿಸುವ ಹೊತ್ತಿಗೆ ದಾಖಲೆಗಳ ಪಟ್ಟಿಯೊಂದು ಮುಂದೆ ಬರುತ್ತದೆ. ಜನನ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರ, ವಿಚ್ಛೇದನವಾಗಿದ್ದರೆ ನ್ಯಾಯಾಲಯದ ಡಿಕ್ರಿ, ಹದಿನಾರು ವರ್ಷ ತುಂಬಿದ ಬಳಿಕ ವಾಸವಿದ್ದ ದೇಶಗಳ ಪೊಲೀಸ್ ಪ್ರಮಾಣಪತ್ರ. ಎಪ್ಪತ್ತು ವರ್ಷಗಳ ಬದುಕಿನಲ್ಲಿ ಯಾರೂ ಕೇಳದಿದ್ದ ಕಾಗದಗಳನ್ನು ಕೆಲವೇ ತಿಂಗಳಲ್ಲಿ ಒಟ್ಟುಗೂಡಿಸಬೇಕಾದ ಪರಿಸ್ಥಿತಿ ಎದುರಾಗುತ್ತದೆ.

ವೀಸಾ ಸಿಗುವುದು, ಸಿಗದಿರುವುದು ಅಧಿಕಾರಿಯ ಪ್ರಶ್ನೆಗಳಿಗೆ ಕೊಡುವ ಉತ್ತರವನ್ನು ಅವಲಂಬಿಸಿದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಕುಟುಂಬ ಆಧಾರಿತ ವಲಸೆ ವೀಸಾಗಳ ಮಟ್ಟಿಗೆ ಆ ನಂಬಿಕೆ ಅರ್ಧಸತ್ಯ. ಸಂದರ್ಶನದ ಫಲಿತಾಂಶ ಬಹುಮಟ್ಟಿಗೆ ನಿರ್ಧಾರವಾಗುವುದು ತಾಲ್ಲೂಕು ಕಚೇರಿ, ಪಾಲಿಕೆಯ ಜನನ-ಮರಣ ವಿಭಾಗ, ಉಪನೋಂದಣಿ ಕಚೇರಿ ಮತ್ತು ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ. ನಮ್ಮ ನೋಂದಣಿ ವ್ಯವಸ್ಥೆಯ ಹಳೆಯ ಲೋಪಗಳು ಹೊರದೇಶದ ಕಚೇರಿಯ ಕಿಟಕಿಯ ಮುಂದೆ ಬಯಲಾಗುತ್ತಿವೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ.

ಪ್ರಕ್ರಿಯೆ ಹೇಗೆ?

ಅರ್ಜಿ ಅನುಮೋದನೆಯಾದ ಬಳಿಕ ಕಡತ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಶುಲ್ಕ ಪಾವತಿಸಿ, ಡಿಎಸ್-260 ಎಂಬ ಆನ್‌ಲೈನ್ ಅರ್ಜಿ ಭರ್ತಿ ಮಾಡಿ, ಪ್ರಾಯೋಜಕರ ಆರ್ಥಿಕ ಹೊಣೆಗಾರಿಕೆ ಪತ್ರದೊಂದಿಗೆ ನಾಗರಿಕ ದಾಖಲೆಗಳ ಪ್ರತಿಗಳನ್ನು ಅಪ್‌ಲೋಡ್ ಮಾಡಬೇಕು. ದಾಖಲೆಗಳು ಪೂರ್ಣವಾಗಿವೆ ಎಂದು ಕೇಂದ್ರ ಒಪ್ಪಿದ ಮೇಲಷ್ಟೇ ಸಂದರ್ಶನದ ಸರದಿ. ಸಂದರ್ಶನಕ್ಕೆ ಮೂಲ ದಾಖಲೆಗಳನ್ನೇ ಒಯ್ಯಬೇಕು. ಭಾರತದಲ್ಲಿ ಈ ಸಂದರ್ಶನಗಳಿಗೆ ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಅಮೆರಿಕದ ಕಾನ್ಸುಲೇಟ್ ಮುಖ್ಯ ಕೇಂದ್ರವಾಗಿದೆ. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ವೀಸಾ ಸೇವೆ ಅದರ ಭಾಗವಾಗಿರಲಿಲ್ಲ.

ಅಮೆರಿಕದ ಪೌರರ ತಂದೆ-ತಾಯಿ, ಪತಿ-ಪತ್ನಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ವಾರ್ಷಿಕ ಸಂಖ್ಯಾಮಿತಿ ಇಲ್ಲ. ಸಹೋದರ-ಸಹೋದರಿಯರ ವರ್ಗದ ಸ್ಥಿತಿ ಬೇರೆ. 2025ರ ವೀಸಾ ಬುಲೆಟಿನ್‌ಗಳಲ್ಲಿ ಭಾರತೀಯರಿಗೆ ಈ ವರ್ಗದಲ್ಲಿ ಸರದಿ ಬಂದಿದ್ದು 2006ರಲ್ಲಿ ಸಲ್ಲಿಕೆಯಾದ ಅರ್ಜಿಗಳಿಗೆ. ಅಂದರೆ ಸುಮಾರು ಎರಡು ದಶಕಗಳ ಕಾಯುವಿಕೆ. ಇಷ್ಟು ದೀರ್ಘಕಾಲ ಕಾದವರೇ ಕೊನೆಯ ಘಟ್ಟದಲ್ಲಿ ಒಂದು ಜನನ ಪ್ರಮಾಣಪತ್ರಕ್ಕಾಗಿ ಎಡತಾಕುತ್ತಾರೆ ಎಂಬುದು ವಿಪರ್ಯಾಸ. ವೀಸಾ ಲಭ್ಯವಾಗಿದೆ ಎಂಬ ಸೂಚನೆ ಬಂದ ಮೇಲೆ ಒಂದು ವರ್ಷದವರೆಗೆ ಅರ್ಜಿದಾರರು ಸ್ಪಂದಿಸದೇ ಹೋದರೆ ನೋಂದಣಿಯನ್ನೇ ರದ್ದುಪಡಿಸಲು ಅಲ್ಲಿನ ವಲಸೆ ಕಾಯ್ದೆಯಲ್ಲಿ ಅವಕಾಶವಿದೆ. ತಮ್ಮ ನಿಯಂತ್ರಣಕ್ಕೆ ಮೀರಿದ ಕಾರಣದಿಂದ ತಡವಾಯಿತು ಎಂದು ಸಾಬೀತುಪಡಿಸುವ ಹೊಣೆ ಅರ್ಜಿದಾರರದೇ ಆಗಿರುತ್ತದೆ.

ಹುಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ?

ದೇಶಾದ್ಯಂತ ಏಕರೂಪದ ಜನನ ನೋಂದಣಿಗೆ ಬುನಾದಿ ಹಾಕಿದ್ದು 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆ. ಇಂದು ಮಕ್ಕಳ ಬಳಿಗೆ ಹೊರಟಿರುವ ತಂದೆ-ತಾಯಂದಿರಲ್ಲಿ ಅನೇಕರು ಅದಕ್ಕೂ ಮುಂಚೆ ಹುಟ್ಟಿದವರು. ಹೆರಿಗೆ ಮನೆಯಲ್ಲೇ ಆಗುತ್ತಿದ್ದ, ಸೂಲಗಿತ್ತಿಯೇ ವೈದ್ಯೆಯಾಗಿದ್ದ ಕಾಲವದು. ಮೇಲಾಗಿ 1956ಕ್ಕೂ ಹಿಂದೆ ಇಂದಿನ ಕರ್ನಾಟಕದ ಭಾಗಗಳು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗು ಆಡಳಿತಗಳಲ್ಲಿ ಹಂಚಿಹೋಗಿದ್ದವು. ದಾಖಲೆ ಇಡುವ ಕ್ರಮವಾಗಲೀ ಭಾಷೆಯಾಗಲೀ ಒಂದೇ ಆಗಿರಲಿಲ್ಲ.

ಇಂಥವರ ಪಾಲಿಗೆ ಶಾಲೆಯ ದಾಖಲಾತಿ ಪುಸ್ತಕವೇ ಮೊದಲ ಸರ್ಕಾರಿ ಸಾಕ್ಷ್ಯ. ಅದರಲ್ಲಿನ ಜನ್ಮದಿನಾಂಕವನ್ನು ಎಷ್ಟೋ ಸಲ ಮುಖ್ಯೋಪಾಧ್ಯಾಯರು ಅಂದಾಜಿನ ಮೇಲೆ ಬರೆದಿರುತ್ತಾರೆ. ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ನೌಕರಿ ದಾಖಲೆ, ಪಾಸ್‌ಪೋರ್ಟ್ ಎಲ್ಲವೂ ಅದೇ ದಿನಾಂಕವನ್ನು ಹಿಂಬಾಲಿಸುತ್ತವೆ. ಈಗ ಹಳೆಯ ನೋಂದಣಿ ಪುಸ್ತಕ ಹುಡುಕಿ ತೆಗೆದರೆ ಬೇರೆ ದಿನಾಂಕ ಸಿಗುವ ಸಾಧ್ಯತೆ ಇದೆ. ಪುಸ್ತಕ ಸಿಕ್ಕರೂ ಅದರಲ್ಲಿ ‘ಗಂಡು ಮಗು’ ಅಥವಾ ‘ಹೆಣ್ಣು ಮಗು’ ಎಂದಷ್ಟೇ ಇದ್ದು, ಹೆಸರಿನ ಅಂಕಣ ಖಾಲಿ ಇರುವ ಉದಾಹರಣೆಗಳೂ ಇವೆ. ನಾಮಕರಣಕ್ಕೆ ಮುಂಚೆಯೇ ಜನನ ದಾಖಲಾಗುವುದೇ ಇದಕ್ಕೆ ಕಾರಣ. ಹೆಸರನ್ನು ಬಳಿಕ ಸೇರಿಸಲು ಕಾಯ್ದೆಯ 14ನೇ ಕಲಮಿನಲ್ಲಿ, ತಪ್ಪು ತಿದ್ದಲು 15ನೇ ಕಲಮಿನಲ್ಲಿ ಅವಕಾಶವಿದ್ದರೂ ಅದನ್ನು ಬಳಸಿಕೊಂಡವರು ಎಲ್ಲರೂ ಅಲ್ಲ.

ನೋಂದಣಿಯೇ ಆಗಿರದಿದ್ದರೆ ಎರಡು ದಾರಿಗಳಿವೆ. ಮೊದಲನೆಯದು, ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನು ನೋಂದಣಾಧಿಕಾರಿಯಿಂದ ಪಡೆದು, ಅದರೊಂದಿಗೆ ಶಾಲಾ ದಾಖಲೆ ಮತ್ತು ಹುಟ್ಟಿನ ಬಗ್ಗೆ ನೇರವಾಗಿ ತಿಳಿದಿರುವ ಹಿರಿಯ ಬಂಧುಗಳ ಅಫಿಡವಿಟ್ ಸಲ್ಲಿಸುವುದು. ಎರಡನೆಯದು, ತಡವಾಗಿ ನೋಂದಣಿ ಮಾಡಿಸುವುದು. ಒಂದು ವರ್ಷ ಮೀರಿದ ಜನನಗಳ ನೋಂದಣಿಗೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಈ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅಧಿಕೃತ ಕಾರ್ಯಪಾಲಕ ಮ್ಯಾಜಿಸ್ಟ್ರೇಟರಿಗೆ ವಹಿಸಿದೆ.

ಆದರೆ ಅರವತ್ತು ವರ್ಷಗಳ ನಂತರ ಪಡೆದ ಜನನ ಪ್ರಮಾಣಪತ್ರವೊಂದೇ ವೀಸಾ ಅಧಿಕಾರಿಗೆ ಸಮಾಧಾನ ತರುತ್ತದೆ ಎಂದು ಹೇಳಲಾಗದು. ಹಳೆಯ ದಾಖಲೆಗಳ ಬೆಂಬಲವೂ ಬೇಕಾಗುತ್ತದೆ. ಸಂಬಂಧ ಸಾಬೀತಾಗದೆ ಉಳಿದರೆ ಡಿಎನ್‌ಎ ಪರೀಕ್ಷೆಯ ಸಲಹೆಯೂ ಬರಬಹುದು.

ಹೆಸರೊಂದು, ರೂಪ ಹಲವು

ಕನ್ನಡಿಗರ ಪಾಲಿಗೆ ಇನ್ನೂ ದೊಡ್ಡ ತೊಡಕೆಂದರೆ ಹೆಸರು. ಹಳೆಯ ಮೈಸೂರು ಭಾಗದಲ್ಲಿ ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಬರೆಯುವುದು ರೂಢಿ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇರುತ್ತದೆ. ಶಾಲೆಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿದ ರೂಪದಲ್ಲಿ. ಕುಲನಾಮದ ಅಂಕಣ ಖಾಲಿ ಇರುವ ಪಾಸ್‌ಪೋರ್ಟ್ ಹೊಂದಿದವರ ಸ್ವಂತ ಹೆಸರೇ ಅಮೆರಿಕದ ವೀಸಾದಲ್ಲಿ ಕುಲನಾಮವಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಅಕ್ಷರಗಳು ಬರುತ್ತವೆ. ಮೊದಲ ಹೆಸರು ಗೊತ್ತಿಲ್ಲ ಎಂಬುದು ಅದರ ಅರ್ಥ. ಹೆಸರಿರುವ ವ್ಯಕ್ತಿಯೇ ಕಾಗದದಲ್ಲಿ ಹೆಸರಿಲ್ಲದವನಾಗುತ್ತಾನೆ.

ಕನ್ನಡದಲ್ಲಿ ಒಂದೇ ರೀತಿ ಬರೆಯುವ ‘ಲಕ್ಷ್ಮಿ’ ಎಂಬ ಹೆಸರು ರೋಮನ್ ಲಿಪಿಗೆ ಹೋದಾಗ ಹಲವು ಕಾಗುಣಿತ ಪಡೆಯುತ್ತದೆ. ಮಹಿಳೆಯರ ಸಂಕಷ್ಟ ಇದಕ್ಕಿಂತ ಹೆಚ್ಚು. ಕರಾವಳಿ ಮತ್ತು ಉತ್ತರ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ಮದುವೆಯಂದು ವಧುವಿನ ಹೆಸರನ್ನೇ ಬದಲಿಸುವ ವಾಡಿಕೆ ಇತ್ತು. ಹೀಗಾಗಿ ಮಗನ ಜನನ ಪ್ರಮಾಣಪತ್ರದಲ್ಲಿ ತಾಯಿಯ ತವರಿನ ಹೆಸರು, ಅವರದೇ ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಹೆಸರು ಇರಬಹುದು. ತಾಯಿ-ಮಗನ ಸಂಬಂಧವೇ ಅರ್ಜಿಯ ಆಧಾರವಾಗಿರುವಾಗ ಈ ವ್ಯತ್ಯಾಸ ಕ್ಷುಲ್ಲಕವಲ್ಲ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮತ್ತು ಎರಡೂ ಹೆಸರುಗಳನ್ನು ಕಾಲಕ್ರಮದಲ್ಲಿ ತೋರಿಸುವ ಹಳೆಯ ದಾಖಲೆಗಳು ಇಲ್ಲಿ ನೆರವಿಗೆ ಬರುತ್ತವೆ. ಕನ್ನಡದಲ್ಲಷ್ಟೇ ಇರುವ ಪ್ರಮಾಣಪತ್ರಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಅನುವಾದ ನಿಖರವಾಗಿದೆ, ತಾನು ಅದಕ್ಕೆ ಸಮರ್ಥ ಎಂದು ಅನುವಾದಕರು ಸಹಿ ಮಾಡಿ ದೃಢೀಕರಿಸಬೇಕು.

ವಿವಾಹದ ವಿಷಯದಲ್ಲೂ ಇದೇ ಕಥೆ. ಎಲ್ಲ ವಿವಾಹಗಳ ನೋಂದಣಿ ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2006ರ ಫೆಬ್ರವರಿಯಲ್ಲಿ ನಿರ್ದೇಶನ ನೀಡಿತು. ಕರ್ನಾಟಕದಲ್ಲಿ 1976ರ ಕಾಯ್ದೆಯೇ ಇದ್ದರೂ ಛತ್ರದಲ್ಲಿ ಮದುವೆಯಾಗಿ, ಲಗ್ನಪತ್ರಿಕೆ ಮತ್ತು ಛಾಯಾಚಿತ್ರಗಳನ್ನು ಮಾತ್ರ ಉಳಿಸಿಕೊಂಡ ದಂಪತಿಗಳು ಕಡಿಮೆಯೇನಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ದಶಕಗಳ ಹಿಂದಿನ ಮದುವೆಯನ್ನೂ ಉಪನೋಂದಣಿ ಕಚೇರಿಯಲ್ಲಿ ಈಗ ನೋಂದಾಯಿಸಬಹುದು. ಮದುವೆಯಾದ ದಿನಾಂಕ ಮತ್ತು ನೋಂದಣಿಯಾದ ದಿನಾಂಕ ಬೇರೆ ಬೇರೆ ಎಂಬುದನ್ನು ಅರ್ಜಿಯಲ್ಲಿ ಸರಿಯಾಗಿ ನಮೂದಿಸುವುದು ಮುಖ್ಯ.

ಪೊಲೀಸ್ ಪತ್ರದ ಲೆಕ್ಕಾಚಾರ

ಹದಿನಾರು ವರ್ಷ ಮೇಲ್ಪಟ್ಟ ಅರ್ಜಿದಾರರು ತಮ್ಮ ಪೌರತ್ವದ ದೇಶದಲ್ಲಿ ಹಾಗೂ ಈಗ ವಾಸವಿರುವ ದೇಶದಲ್ಲಿ ಆರು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ಪೊಲೀಸ್ ಪ್ರಮಾಣಪತ್ರ ನೀಡಬೇಕು. ಹಿಂದೆ ವಾಸವಿದ್ದ ಬೇರೆ ದೇಶವಾದರೆ ಹನ್ನೆರಡು ತಿಂಗಳ ಮಿತಿ ಅನ್ವಯ. ಎಲ್ಲಿಯಾದರೂ ಬಂಧನವಾಗಿದ್ದರೆ ಎಷ್ಟು ದಿನ ಇದ್ದರೆಂಬುದು ಮುಖ್ಯವಲ್ಲ. ಅಲ್ಲಿನ ಪ್ರಮಾಣಪತ್ರ ಬೇಕೇ ಬೇಕು. ಶಿಕ್ಷೆಯಾಗಿದ್ದಲ್ಲಿ ನ್ಯಾಯಾಲಯ ಮತ್ತು ಕಾರಾಗೃಹ ದಾಖಲೆಗಳ ದೃಢೀಕೃತ ಪ್ರತಿಯೂ ಅಗತ್ಯ.

ಭಾರತೀಯರಿಗೆ ವೀಸಾ ಉದ್ದೇಶದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಅಥವಾ ಪಿಸಿಸಿ ನೀಡುವುದು ಪಾಸ್‌ಪೋರ್ಟ್ ಕಚೇರಿ. ನೌಕರಿಗಾಗಿ ಸ್ಥಳೀಯ ಪೊಲೀಸರಿಂದ ಪಡೆಯುವ ನಡತೆ ಪರಿಶೀಲನಾ ಪತ್ರವನ್ನು ಅದೇ ಎಂದು ಭಾವಿಸುವ ಗೊಂದಲ ಇಂದಿಗೂ ಇದೆ. ಪಾಸ್‌ಪೋರ್ಟ್ ಸೇವಾ ಜಾಲದಲ್ಲಿ 500 ರೂಪಾಯಿ ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಬೇಕು. ಈಗಿನ ವಿಳಾಸದ ಠಾಣೆಯ ಪರಿಶೀಲನೆ ನಡೆದ ಬಳಿಕ ಪತ್ರ ಸಿಗುತ್ತದೆ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಪೈಕಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅಂಚೆ ಕಚೇರಿ ಕೇಂದ್ರಗಳಲ್ಲೂ ಪಿಸಿಸಿ ಅರ್ಜಿ ಸಲ್ಲಿಸುವ ಅವಕಾಶ 2022ರ ಸೆಪ್ಟೆಂಬರ್ 28ರಿಂದ ದೊರೆತಿದೆ. ಜಿಲ್ಲಾ ಕೇಂದ್ರಗಳ ಜನರಿಗೆ ಇದರಿಂದ ಅನುಕೂಲವಾಗಿದೆ.

ಕಷ್ಟವಿರುವುದು ವಿದೇಶದಲ್ಲಿ ದುಡಿದು ಬಂದವರಿಗೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಕುಟುಂಬಗಳ ಹಿರಿಯರು ಕೊಲ್ಲಿ ರಾಷ್ಟ್ರಗಳಲ್ಲಿ ದಶಕಗಟ್ಟಲೆ ಇದ್ದು ಮರಳಿದವರು. ಬೆಂಗಳೂರಿನ ತಂತ್ರಜ್ಞರಲ್ಲಿ ಅನೇಕರು ಸಿಂಗಪುರ, ಬ್ರಿಟನ್‌ಗಳಲ್ಲಿ ಕೆಲಸ ಮಾಡಿದವರು. ಬ್ರಿಟನ್ನಿನಲ್ಲಿ ‘ಅಕ್ರೋ’ ಎಂಬ ಅಪರಾಧ ದಾಖಲೆಗಳ ಕಚೇರಿ, ಸಿಂಗಪುರದಲ್ಲಿ ಅಲ್ಲಿನ ಪೊಲೀಸ್ ಪಡೆ ಈ ಪತ್ರ ನೀಡುತ್ತವೆ. ಕೆಲವು ದೇಶಗಳು ಬೆರಳಚ್ಚು ಪತ್ರ ಕೇಳುತ್ತವೆ. ಬೆರಳಚ್ಚನ್ನು ಇಲ್ಲಿನ ಪೊಲೀಸರಿಂದ ಪಡೆದು, ದೃಢೀಕರಿಸಿ, ಆ ದೇಶಕ್ಕೆ ಕಳುಹಿಸುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಹಳೆಯ ಪಾಸ್‌ಪೋರ್ಟ್, ವಾಸದ ಪರವಾನಗಿಗಳನ್ನು ಎಸೆದವರ ಪಾಡು ಇನ್ನೂ ಕಷ್ಟ.

ಇಲ್ಲಿ ಕಾಲದ ಲೆಕ್ಕಾಚಾರವೂ ಇದೆ. ಪೊಲೀಸ್ ಪ್ರಮಾಣಪತ್ರದ ಬಾಳಿಕೆ ಎರಡು ವರ್ಷ. ಹಿಂದೆ ವಾಸವಿದ್ದ ದೇಶದ್ದಾಗಿದ್ದು, ಪತ್ರ ಪಡೆದ ಬಳಿಕ ಅಲ್ಲಿಗೆ ಮತ್ತೆ ಹೋಗದಿದ್ದರೆ ಮಾತ್ರ ಈ ಮಿತಿ ಇಲ್ಲ. ಜನನ, ವಿವಾಹ ದಾಖಲೆಗಳಿಗೆ ಅವಧಿ ಇಲ್ಲ, ಆದರೆ ಅವುಗಳನ್ನು ಪಡೆಯಲು ಹೆಚ್ಚು ಸಮಯ ಬೇಕು. ಆದ್ದರಿಂದ ನಾಗರಿಕ ದಾಖಲೆಗಳನ್ನು ಸರದಿ ಬರುವ ವರ್ಷಗಳ ಮುಂಚೆಯೇ ಸರಿಪಡಿಸಿಕೊಂಡು, ಭಾರತದ ಪಿಸಿಸಿಯನ್ನು ಸರದಿ ಹತ್ತಿರ ಬಂದಾಗ ಪಡೆಯುವುದು ಸೂಕ್ತ. ಅನೇಕರು ಇದನ್ನು ತಿರುವುಮುರುವು ಮಾಡುತ್ತಾರೆ. ಸುಲಭವಾಗಿ ಸಿಗುವ ಪಿಸಿಸಿ ಮೊದಲು ಕೈಸೇರುತ್ತದೆ. ಜನನ ಪ್ರಮಾಣಪತ್ರಕ್ಕೆ ಅಲೆಯುವಷ್ಟರಲ್ಲಿ ಪಿಸಿಸಿಯ ಅವಧಿ ಮುಗಿಯುತ್ತದೆ.

ಅಡ್ಡದಾರಿಯ ಬೆಲೆ

ಸಂದರ್ಶನದ ದಿನ ದಾಖಲೆ ಕಡಿಮೆಯಾದರೆ ವೀಸಾ ಕಾಯಂ ಆಗಿ ತಪ್ಪಿತೆಂದು ಅರ್ಥವಲ್ಲ. 221(ಜಿ) ಕಲಮಿನಡಿ ಅರ್ಜಿಯನ್ನು ತಡೆಹಿಡಿದು, ಕೊರತೆಯ ದಾಖಲೆ ಒದಗಿಸಲು ಒಂದು ವರ್ಷದ ಅವಕಾಶ ನೀಡಲಾಗುತ್ತದೆ. ಆದರೆ ನಕಲಿ ದಾಖಲೆಗೆ ಇಂಥ ರಿಯಾಯಿತಿ ಇಲ್ಲ. ವಂಚನೆ ಅಥವಾ ಮುಖ್ಯ ಸಂಗತಿಯ ಸುಳ್ಳು ಹೇಳಿಕೆ ಸಾಬೀತಾದರೆ ಅಮೆರಿಕ ಪ್ರವೇಶಕ್ಕೆ ಜೀವನಪರ್ಯಂತ ಅನರ್ಹತೆ ಎದುರಾಗುತ್ತದೆ. ವಿನಾಯಿತಿ ಸೀಮಿತ ಸಂದರ್ಭಗಳಿಗೆ ಮಾತ್ರ ಮೀಸಲು. ವ್ಯತ್ಯಾಸವಿರುವ ಅಸಲಿ ದಾಖಲೆಗೆ ವಿವರಣೆ ಕೊಡಬಹುದು. ಎಲ್ಲವೂ ಹೊಂದಿಕೆಯಾಗುವ ನಕಲಿ ದಾಖಲೆಗೆ ಯಾವ ವಿವರಣೆಯೂ ಇಲ್ಲ. ‘ಎಲ್ಲ ಮಾಡಿಸಿಕೊಡುತ್ತೇವೆ’ ಎನ್ನುವ ಮಧ್ಯವರ್ತಿಗಳ ಮಾತಿಗೆ ತಲೆದೂಗುವ ಮುನ್ನ ಈ ಅಂತರವನ್ನು ಅರಿಯಬೇಕು.

ಇದನ್ನು ವಿದೇಶಕ್ಕೆ ಹೊರಟವರ ಖಾಸಗಿ ತಾಪತ್ರಯ ಎಂದು ತಳ್ಳಿಹಾಕುವಂತಿಲ್ಲ. 2023ರ ಅಕ್ಟೋಬರ್ 1ರಂದು ಮತ್ತು ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರ ಎಂದು ತಿದ್ದುಪಡಿಯಾದ ಕಾಯ್ದೆ ಹೇಳಿದೆ. ಹೊಸ ತಲೆಮಾರಿಗೆ ವ್ಯವಸ್ಥೆ ಸಿದ್ಧವಾಗುತ್ತಿದೆ. ಹಳೆಯ ತಲೆಮಾರಿನ ಕಡತಗಳು ಮಾತ್ರ ಕಚೇರಿಗಳ ಕಪಾಟುಗಳಲ್ಲಿ ಜೀರ್ಣವಾಗುತ್ತಿವೆ. ಹಳೆಯ ನೋಂದಣಿ ಪುಸ್ತಕಗಳನ್ನು ಗಣಕೀಕರಿಸುವುದು, ದಾಖಲೆ ಲಭ್ಯವಿಲ್ಲ ಎಂಬ ಪತ್ರಕ್ಕೆ ಕಾಲಮಿತಿ ನಿಗದಿಪಡಿಸಿ ಪಾಲಿಸುವುದು, ಹೆಸರಿನ ತಿದ್ದುಪಡಿಗೆ ಎಲ್ಲ ಇಲಾಖೆಗಳಲ್ಲೂ ಒಂದೇ ಕ್ರಮ ಅನುಸರಿಸುವುದು ರಾಜ್ಯ ಸರ್ಕಾರದ ಕೈಯಲ್ಲೇ ಇರುವ ಕೆಲಸಗಳು. ಪಿಂಚಣಿ, ಆಸ್ತಿ ಉತ್ತರಾಧಿಕಾರ, ವಿಮೆ ಎಂದು ಊರಲ್ಲೇ ಉಳಿದವರನ್ನೂ ಇದೇ ಲೋಪಗಳು ಕಾಡುತ್ತವೆ. ಅವರ ಅಲೆದಾಟ ಕಂತುಗಳಲ್ಲಿ ನಡೆಯುವುದರಿಂದ ಕಣ್ಣಿಗೆ ಬೀಳುವುದಿಲ್ಲ. ವಲಸೆ ವೀಸಾದ ಅರ್ಜಿದಾರರು ಒಂದೇ ಸಲಕ್ಕೆ ಎಲ್ಲ ಲೆಕ್ಕ ಒಪ್ಪಿಸಬೇಕಾಗುತ್ತದೆ.