ಪಾಲು ಬೇರೆ, ಷೇರು ಬೇರೆ

‘ಷೇರು’ ಎಂಬ ಮಾತನ್ನು ನಾವು ಕನ್ನಡಕ್ಕೆ ತಂದುಕೊಂಡು ಬಹುಕಾಲವಾಯಿತು. ಅರ್ಥ ಕೇಳಿದರೆ ಯಾರಾದರೂ ಥಟ್ಟನೆ ‘ಪಾಲು’ ಎಂದುಬಿಡುತ್ತಾರೆ. ಅದು ತಪ್ಪೆಂದು ಹೇಳುವಂತಿಲ್ಲ. ಆದರೆ ಆ ಒಂದೇ ಅರ್ಥವನ್ನು ನೆಚ್ಚಿ, ಮನೆತನದ ವ್ಯಾಪಾರವನ್ನು ಕಂಪೆನಿಯಾಗಿ ಮಾರ್ಪಡಿಸಿದವರು ಮುಂದೆ ಪೇಚಾಡಿದ್ದುಂಟು. ಪಾಲೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಿಸ್ಸೆ: ತೋಟದ ಮೂಡಣ ಭಾಗ ಅಣ್ಣನಿಗೆ, ಪಡುವಣ ಭಾಗ ತಮ್ಮನಿಗೆ. ಷೇರಿನಲ್ಲಿ ಇಂಥ ಮೂಡಣ ಪಡುವಣಗಳಿಲ್ಲ.

ಇದನ್ನು ನಮ್ಮ ಸುಪ್ರೀಂ ಕೋರ್ಟು ೧೯೫೪ರಲ್ಲಿಯೇ ಬಿಡಿಸಿ ಹೇಳಿತು. ಮುಂಬಯಿಯ ಮಹಿಳೆಯೊಬ್ಬರು ಚಹಾ ಕಂಪೆನಿಗಳ ಷೇರುಗಳನ್ನು ಹೊಂದಿದ್ದರು. ಚಹಾ ಬೆಳೆದು ಮಾರುವ ಕಂಪೆನಿಯ ಆದಾಯದಲ್ಲಿ ಶೇಕಡ ೬೦ರಷ್ಟನ್ನು ಕೃಷಿಯ ಆದಾಯವೆಂದು ಎಣಿಸಿ ವರಮಾನ ತೆರಿಗೆಯಿಂದ ಬಿಡುವ ನಿಯಮವಿತ್ತು. ‘ನನಗೆ ಬಂದ ಲಾಭಾಂಶವೂ ಆ ತೋಟದ ಹುಟ್ಟುವಳಿಯೇ ಅಲ್ಲವೆ? ಅದರಲ್ಲಿಯೂ ಶೇಕಡ ೬೦ರಷ್ಟನ್ನು ಬಿಡಬೇಕು’ ಎಂಬುದು ಆಕೆಯ ವಾದ. ನ್ಯಾಯಾಲಯ ಒಪ್ಪಲಿಲ್ಲ. ತೋಟ ಕಂಪೆನಿಯದು, ಕಂಪೆನಿ ಬೇರೊಬ್ಬ ವ್ಯಕ್ತಿ, ಷೇರುದಾರರು ಬೇರೆ. ಷೇರುಳ್ಳವರಿಗೆ ತೋಟದ ಒಂದು ಗಿಡದ ಮೇಲೂ ಒಡೆತನವಿಲ್ಲ.

ಹಾಗಾದರೆ ಆಕೆಯ ಕೈಯಲ್ಲಿದ್ದುದೇನು? ಲಾಭ ಹಂಚಿದಾಗ ಲಾಭಾಂಶ, ಸಭೆಯಲ್ಲಿ ಮತ, ಕಂಪೆನಿ ಮುಚ್ಚಿ ಸಾಲಗಳೆಲ್ಲ ತೀರಿದ ಮೇಲೆ ಏನಾದರೂ ಮಿಕ್ಕರೆ ಅದರಲ್ಲೊಂದು ಭಾಗ. ಇಷ್ಟು ಹಕ್ಕುಗಳ ಕಟ್ಟು ಅದು. ಈ ಕಟ್ಟನ್ನು ಕಾನೂನು ಒಂದು ಸ್ವತಂತ್ರವಾದ ಚರಸ್ವತ್ತೆಂದು ಭಾವಿಸುತ್ತದೆ. ೧೯೩೦ರ ಸರಕು ಮಾರಾಟದ ಕಾಯಿದೆಯು ‘ಸರಕು’ ಎಂಬುದರ ಅರ್ಥವನ್ನು ವಿವರಿಸುವಾಗ ಷೇರುಗಳನ್ನೂ ಹೊಲದಲ್ಲಿ ನಿಂತ ಪೈರನ್ನೂ ಹುಲ್ಲನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ೨೦೧೩ರ ಕಂಪೆನಿ ಕಾಯಿದೆಯ ೪೪ನೆಯ ಕಲಮು ಷೇರು ಚರಸ್ವತ್ತೆಂದೂ, ಕಂಪೆನಿಯ ನಿಯಮಾವಳಿ ಹೇಳಿದ ರೀತಿಯಲ್ಲಿ ಅದನ್ನು ವರ್ಗಾಯಿಸಬಹುದೆಂದೂ ಹೇಳುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಕೈಯಿಂದ ಕೈಗೆ ಸಾಗಬಲ್ಲ ಇಂಥ ಹಕ್ಕುಗಳಿಗೆ ವಾಣಿಜ್ಯ ಶಾಸ್ತ್ರದಲ್ಲಿ ‘ಸೆಕ್ಯುರಿಟಿ’ ಎಂದು ಹೆಸರು. ಪಟ್ಟಣಿಗರಾದ ನಮಗೆ ಆ ಹೆಸರು ಕೇಳಿದೊಡನೆ ಬಾಗಿಲಲ್ಲಿ ಕುಳಿತ ಕಾವಲುಗಾರನ ನೆನಪಾಗುತ್ತದೆ. ಇಲ್ಲಿ ಅದು ಮಾರುಕಟ್ಟೆಗೆ ಹೋಗಬಲ್ಲ ಹಕ್ಕುಪತ್ರ. ಪಾಲುಗಾರಿಕೆಯ ಪಾಲಿಗೆ ಈ ಕಾಲುಗಳಿಲ್ಲ. ೧೯೩೨ರ ಪಾಲುಗಾರಿಕೆ ಕಾಯಿದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉಳಿದವರೆಲ್ಲರೂ ಒಪ್ಪಿದ ಹೊರತು ಹೊಸಬನೊಬ್ಬನು ಪಾಲುಗಾರನಾಗಲಾರ. ಪಾಲನ್ನು ಕೊಂಡವನಿಗೆ ಲಾಭದ ಭಾಗ ಸಿಕ್ಕೀತು. ಅಂಗಡಿಯ ಲೆಕ್ಕ ಕೇಳುವ, ಆಡಳಿತದಲ್ಲಿ ಬಾಯಿ ಹಾಕುವ ಅಧಿಕಾರ ಸಿಗದು. ಗೆಳೆಯರು ಕೂಡಿ ನಡೆಸುವ ಅಂಗಡಿಗೆ ಇದು ಸರಿ. ಮುಖಪರಿಚಯವಿಲ್ಲದ ಸಾವಿರಾರು ಜನ ಹಣ ಹೂಡುವ ಕಾರ್ಖಾನೆಗೆ ಇದು ಸಾಲದು. ಅದಕ್ಕಾಗಿಯೇ ಕಾನೂನು ಷೇರಿಗೆ ಕಾಲು ಕೊಟ್ಟಿತು.

ಅಮೆರಿಕದವರು ಈ ಭೇದವನ್ನು ಇನ್ನೂ ನುಣ್ಣಗೆ ಸೀಳಿದ್ದಾರೆ. ಅವರ ಏಕರೂಪ ವಾಣಿಜ್ಯ ಸಂಹಿತೆಯ ೮ನೆಯ ಅಧ್ಯಾಯದ ಪ್ರಕಾರ ಕಾರ್ಪೊರೇಷನ್ನಿನ ಷೇರು ತಾನಾಗಿಯೇ ಸೆಕ್ಯುರಿಟಿ. ಆದರೆ ಅಲ್ಲಿನ ಎಲ್‌ಎಲ್‌ಸಿ ಎಂಬ ಸೀಮಿತ ಹೊಣೆಯ ಸಂಸ್ಥೆಯ ಸದಸ್ಯತ್ವ ಸಾಮಾನ್ಯವಾಗಿ ಹಾಗಲ್ಲ. ಅದು ವಿನಿಮಯ ಪೇಟೆಯಲ್ಲಿ ಓಡಾಡುತ್ತಿರಬೇಕು, ಇಲ್ಲವೆ ‘ಇದು ಈ ಅಧ್ಯಾಯಕ್ಕೆ ಒಳಪಟ್ಟ ಸೆಕ್ಯುರಿಟಿ’ ಎಂದು ಸಂಸ್ಥೆಯ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಹಾಗೆ ಬರೆದಿದ್ದರೆ, ಸಾಲ ಕೊಟ್ಟು ಆ ಪತ್ರವನ್ನು ವಿಧಿವತ್ತಾಗಿ ವಶಪಡಿಸಿಕೊಂಡವನಿಗೆ, ಕೇವಲ ದಫ್ತರದಲ್ಲಿ ನೋಂದಾಯಿಸಿದವನಿಗಿಂತ ಮೊದಲ ಹಕ್ಕು. ಒಂದೇ ವಾಕ್ಯ ಸ್ವತ್ತಿನ ಜಾತಿಯನ್ನೇ ಬದಲಿಸಬಲ್ಲುದು!

ಬರೆಯದೆ ಬಿಟ್ಟ ವಾಕ್ಯದ ಪರಿಣಾಮವೇನೆಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವುಂಟು. ಒಂದು ಕುಟುಂಬದ ಖಾಸಗಿ ಕಂಪೆನಿ. ಒಟ್ಟು ೫೦ ಷೇರುಗಳು. ಎರಡು ಕವಲಿನವರಿಗೆ ೨೫ರಂತೆ ಸಮಭಾಗ. ಈ ಸಮತೂಕ ಎಂದೆಂದಿಗೂ ಉಳಿಯಬೇಕು, ಮಾರುವವನು ಮೊದಲು ತನ್ನ ಕವಲಿನವರನ್ನೇ ಕೇಳಬೇಕು ಎಂದು ೧೯೫೧ರಲ್ಲಿ ಬಾಯಿಮಾತಿನ ಒಪ್ಪಂದವಾಗಿತ್ತೆಂದು ಹೇಳಲಾಯಿತು. ಮುಂದೆ ಒಂದು ಕವಲಿನ ಮಗನೊಬ್ಬನು ತನ್ನ ಷೇರುಗಳನ್ನು ಇನ್ನೊಂದು ಕವಲಿನವರಿಗೆ ಮಾರಿದನು. ತಕ್ಕಡಿ ಒಂದು ಕಡೆಗೆ ವಾಲಿತು. ಮನೆಯವರು ನ್ಯಾಯಾಲಯದ ಮೆಟ್ಟಿಲೇರಿದರು. ೧೯೯೧ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇಷ್ಟು: ಷೇರಿನ ವರ್ಗಾವಣೆಗೆ ಹಾಕಿದ ಕಟ್ಟು ಕಂಪೆನಿಯ ನಿಯಮಾವಳಿಯಲ್ಲಿ ಇಲ್ಲದಿದ್ದರೆ ಅದು ಕಂಪೆನಿಯನ್ನೂ ಬಂಧಿಸದು, ಷೇರುದಾರರನ್ನೂ ಬಂಧಿಸದು. ಗೋವಿನ ಕಥೆಯಲ್ಲಿ ಕೊಟ್ಟ ಮಾತಿಗೆ ಹುಲಿಯೂ ತಲೆಬಾಗಿತು. ಷೇರಿನ ಕಥೆಯಲ್ಲಿ ಕಾಯಿದೆ ತಲೆಬಾಗಲಿಲ್ಲ.

ಇದು ಕಠೋರವೆಂದು ಕೆಲವರಿಗೆ ತೋರಬಹುದು. ಆದರೆ ಕೊಳ್ಳುವವನ ಕಡೆಯಿಂದಲೂ ನೋಡಬೇಕಷ್ಟೆ. ನಿಯಮಾವಳಿ ಯಾರು ಬೇಕಾದರೂ ತೆಗೆದು ಓದಬಹುದಾದ ಪತ್ರ. ನಲವತ್ತು ವರ್ಷಗಳ ಹಿಂದೆ ಯಾರದೋ ನಡುಮನೆಯಲ್ಲಿ ಆಡಿದ ಮಾತನ್ನು ಅವನು ಎಲ್ಲಿ ಓದಬೇಕು? ೨೦೧೩ರ ಕಾಯಿದೆ ಸಾರ್ವಜನಿಕ ಕಂಪೆನಿಗಳ ಷೇರುದಾರರು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದಗಳಿಗೆ ಮನ್ನಣೆ ಕೊಟ್ಟಿದೆ, ನಿಜ. ಆದರೆ ಕುಟುಂಬಗಳು ಕಟ್ಟಿಕೊಳ್ಳುವುದು ಬಹುಮಟ್ಟಿಗೆ ಖಾಸಗಿ ಕಂಪೆನಿಗಳನ್ನು. ಅಲ್ಲಿ ನಿಯಮಾವಳಿಯಲ್ಲಿ ಬರೆಯುವುದೇ ನಿರಾತಂಕವಾದ ಮಾರ್ಗ.

ಬರೆಯುವುದಕ್ಕೂ ಒಂದು ಕಾಲವಿದೆ. ನಿಯಮಾವಳಿಯನ್ನು ತಿದ್ದಲು ವಿಶೇಷ ನಿರ್ಣಯ ಬೇಕು. ಎಂದರೆ ಚಲಾಯಿಸಿದ ಮತಗಳಲ್ಲಿ ನಾಲ್ಕರಲ್ಲಿ ಮೂರು ಭಾಗ ಪರವಾಗಿ ಬರಬೇಕು. ಎರಡು ಕವಲುಗಳು ಸಮಸಮವಾಗಿರುವ ಕಂಪೆನಿಯಲ್ಲಿ ಮನಸ್ಸು ಮುರಿದ ಮೇಲೆ ಈ ಮೂರು ಭಾಗ ಎಲ್ಲಿಂದ ಬಂದೀತು? ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರುವಾಗಲೇ ಅದು ಆಗಬೇಕಾದ ಕೆಲಸ. ‘ನಮ್ಮನಮ್ಮಲ್ಲಿ ಬರವಣಿಗೆ ಏಕೆ?’ ಎಂಬ ದಾಕ್ಷಿಣ್ಯ ಆಗ ಅಡ್ಡ ಬರುತ್ತದೆ. ಅದೇ ದಾಕ್ಷಿಣ್ಯ ಮುಂದೆ ಮಕ್ಕಳ ಪಾಲಿಗೆ ಮೊಕದ್ದಮೆಯಾಗುತ್ತದೆ.

ಇನ್ನೊಂದು ಮಾತು ಗೃಹಿಣಿಯರಿಗೆ ವಿಶೇಷವಾಗಿ ತಿಳಿದಿರಬೇಕು. ಷೇರಿಗೆ ಒಬ್ಬರನ್ನು ನಾಮಿನಿ ಎಂದು ಸೂಚಿಸಿದ ಮಾತ್ರಕ್ಕೆ ಷೇರು ಅವರದಾಗುವುದಿಲ್ಲ. ೨೦೨೩ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ನಾಮಿನಿಯ ಹೆಸರಿಗೆ ಷೇರು ಬಂದರೂ ಒಡೆತನವನ್ನು ತೀರ್ಮಾನಿಸುವುದು ಉಯಿಲು. ಉಯಿಲಿಲ್ಲದಿದ್ದರೆ ಉತ್ತರಾಧಿಕಾರದ ಕಾನೂನು. ಮಡದಿಗೆ ಸೇರಲೆಂದು ಬಯಸುವ ಯಜಮಾನರು ನಾಮಿನಿಯ ಅಂಕಣ ತುಂಬಿ ಸುಮ್ಮನಾಗದೆ ಉಯಿಲನ್ನೂ ಬರೆದಿಡುವುದು ಲೇಸು.

ಜಮೀನಿಗೆ ಪಹಣಿ ನೋಡುತ್ತೇವೆ, ಮನೆಗೆ ಖಾತೆ ನೋಡುತ್ತೇವೆ. ಮನೆತನದ ಕಂಪೆನಿಯ ನಿಯಮಾವಳಿಯನ್ನು ಮಾತ್ರ ಲೆಕ್ಕಪರಿಶೋಧಕರ ಕಪಾಟಿನಲ್ಲಿ ಬಿಟ್ಟಿರುತ್ತೇವೆ. ಅದನ್ನು ಒಮ್ಮೆ ತರಿಸಿ, ಷೇರು ವರ್ಗಾವಣೆಯ ಭಾಗವನ್ನು ಮನೆಯವರೆಲ್ಲ ಕುಳಿತು ಓದುವುದಕ್ಕೆ ಒಂದು ಭಾನುವಾರದ ಮಧ್ಯಾಹ್ನ ಸಾಕು.